ಮನುಷ್ಯನ ವಂಶಲಿಪಿಯೂ ಸಮಷ್ಟಿ ಪ್ರಯೋಗಶಾಲೆಗಳೂ



ಹಳೆಯ ಗ್ರಂಥವೊಂದನ್ನು ಪರಿಶೋಧಿಸಿ ಅಚ್ಚುಹಾಕಿಸಬೇಕೆಂದು ಹೊರಟ ಪಂಡಿತನಿಗೆ ಎದುರಾಗುವ ಮೊದಲನೆಯ ತೊಡಕು ಯಾವುದೆಂಬುದು ಈ ಸಭೆಗೆ ತಿಳಿಯದ ಸಂಗತಿಯಲ್ಲ. ಅವನ ಮನೆಯಲ್ಲಿರುವುದು ಒಂದೇ ಓಲೆಯ ಪ್ರತಿ. ಅದರಲ್ಲಿ ಹುಳು ತಿಂದ ಎಡೆಗಳುಂಟು; ಲಿಪಿಕಾರನ ಕೈತಪ್ಪುಗಳುಂಟು. ಒಂದು ಅಕ್ಷರವು ಪಲ್ಲಟವಾದರೆ ಅರ್ಥವೇ ಬುಡಮೇಲಾಗುವುದು. ಯಾವುದು ತಪ್ಪು, ಯಾವುದು ಪಾಠಾಂತರವೆಂದು ನಿಶ್ಚಯಿಸಬೇಕಾದರೆ ಹತ್ತಾರು ಪ್ರತಿಗಳನ್ನು ಒಂದರ ಮಗ್ಗುಲಿಗೊಂದನ್ನಿಟ್ಟು ನೋಡಬೇಕು. ಅಷ್ಟು ಪ್ರತಿಗಳು ಒಬ್ಬನ ಮನೆಯಲ್ಲಿ ದೊರೆಯಲಾರವು. ಆದುದರಿಂದಲೇ ಹಿರಿಯರು ಗ್ರಂಥಭಂಡಾರಗಳನ್ನು ಕಟ್ಟಿದರು; ೧೮೯೧ರಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಪುಸ್ತಕಾಗಾರವು ಸ್ಥಾಪಿತವಾಯಿತು. ಅಲ್ಲಿ ಒಬ್ಬನು ತಂದಿಟ್ಟ ಓಲೆಯು ಇನ್ನೊಬ್ಬನ ಸಂಶಯವನ್ನು ಪರಿಹರಿಸುತ್ತದೆ.

ಈ ಉಪನ್ಯಾಸದ ವಿಷಯವೂ ಒಂದು ಬಗೆಯ ಗ್ರಂಥಪರಿಶೋಧನೆಯೇ ಆಗಿದೆ. ಇಲ್ಲಿಯ ಗ್ರಂಥವು ಮನುಷ್ಯದೇಹ, ಲಿಪಿಯು ಡಿ.ಎನ್.ಎ. ಎಂಬ ವಸ್ತು, ಅದನ್ನು ಓದುವ ಶಾಲೆಯೇ ವೈದ್ಯಸಂಶೋಧಕರೆಲ್ಲರೂ ಕೂಡಿ ಬಳಸತಕ್ಕ ಸಮಷ್ಟಿ ಪ್ರಯೋಗಶಾಲೆ. ಇಂತಹ ಶಾಲೆಗಳು ಏಕೆ ಬೇಕು, ಅವು ಕೆಲಸ ಮಾಡುವ ಬಗೆ ಹೇಗೆ, ಅವುಗಳಿಂದ ಬಡ ರೋಗಿಗೆ ಬರುವ ಫಲವೇನು, ಅವುಗಳಲ್ಲಿ ಎಚ್ಚರ ತಪ್ಪಬಾರದ ಎಡೆಗಳು ಯಾವುವು ಎಂಬ ನಾಲ್ಕು ಸಂಗತಿಗಳನ್ನು ಕ್ರಮವಾಗಿ ವಿಚಾರಿಸುವುದು ಯುಕ್ತ.

ಮೊದಲು ಲಿಪಿಯ ವಿಚಾರ. ನಮ್ಮ ದೇಹದ ಕಣಗಳಲ್ಲಿ ತಾಯಿಯಿಂದ ಬಂದುದೊಂದು, ತಂದೆಯಿಂದ ಬಂದುದೊಂದು, ಹೀಗೆ ಎರಡು ಪ್ರತಿಗಳಾಗಿ ಈ ವಂಶಲಿಪಿಯು ಇರುತ್ತದೆ. ಕನ್ನಡದ ವರ್ಣಮಾಲೆಯಲ್ಲಿ ಐವತ್ತರ ಸಮೀಪದ ಅಕ್ಷರಗಳಿದ್ದರೆ, ಇದರಲ್ಲಿ ಇರುವುವು ನಾಲ್ಕೇ. ವಿಜ್ಞಾನಿಗಳು ಅವನ್ನು ಎ, ಟಿ, ಜಿ, ಸಿ ಎಂದು ಕರೆಯುತ್ತಾರೆ. ಒಂದೊಂದು ಪ್ರತಿಯಲ್ಲಿಯೂ ಸುಮಾರು ೩೦೦ ಕೋಟಿ ಅಕ್ಷರಗಳುಂಟು. ಈ ಸಮಗ್ರ ಲಿಪಿಗೆ ಜೀನೋಮ್ ಎಂದು ಹೆಸರು. ಅದರಲ್ಲಿ ಒಂದೇ ಒಂದು ಅಕ್ಷರವು ಬದಲಾಗಿ ಎ ಇರಬೇಕಾದಲ್ಲಿ ಟಿ ಬಂದರೆ, ರಕ್ತದ ಕೆಂಪು ಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಕುಡುಗೋಲು ಕಣ ರೋಗವು ಹುಟ್ಟುವುದು. ಇಂತಹ ಪ್ರತಿಗಳು ತಾಯಿತಂದೆ ಇಬ್ಬರಿಂದಲೂ ಬಂದಲ್ಲಿ ಮಗುವು ತೀವ್ರವಾದ ನೋವನ್ನು ಅನುಭವಿಸುತ್ತದೆ. ಆದರೂ ಎಲ್ಲ ಬದಲಾವಣೆಯೂ ರೋಗವೆಂದು ತಿಳಿಯಲಾಗದು. ಯಾವ ಮನುಷ್ಯನ ಲಿಪಿಯನ್ನು ತೆಗೆದು ಮಾದರಿಯ ಪ್ರತಿಯೊಡನೆ ಹೋಲಿಸಿದರೂ ೪೦ರಿಂದ ೫೦ ಲಕ್ಷ ಎಡೆಗಳಲ್ಲಿ ಭೇದವು ಕಂಡುಬರುತ್ತದೆ. ಅವುಗಳಲ್ಲಿ ಬಹುಭಾಗವು ನಿರಪಾಯವಾದ ಪಾಠಾಂತರ. ವ್ಯಾಧಿಗೆ ಕಾರಣವಾದ ಒಂದು ಅಪಪಾಠವನ್ನು ಈ ರಾಶಿಯೊಳಗಿಂದ ಹೆಕ್ಕುವುದೇ ವೈದ್ಯಸಂಶೋಧಕನ ಕಷ್ಟ.

ಈ ಲಿಪಿಯನ್ನು ಓದುವ ವಿದ್ಯೆಯು ಬೆಳೆದುಬಂದ ಬಗೆಯನ್ನು ನೋಡಿದರೆ ಸಮಷ್ಟಿಯ ಅವಶ್ಯಕತೆಯು ತಾನೇ ಸ್ಪಷ್ಟವಾಗುವುದು. ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಎಂಬ ವಿಜ್ಞಾನಿಯು ೧೯೭೭ರಲ್ಲಿ ಅಕ್ಷರಕ್ರಮವನ್ನು ನಿರ್ಣಯಿಸುವ ಒಂದು ಸುಲಭವಾದ ರೀತಿಯನ್ನು ಪ್ರಕಟಿಸಿದನು. ಅದೇ ವರ್ಷ ಅವನ ತಂಡವು ಓದಿ ಮುಗಿಸಿದ ವೈರಸ್ಸಿನ ಲಿಪಿಯಲ್ಲಿ ಇದ್ದುವು ಸುಮಾರು ೫,೪೦೦ ಅಕ್ಷರಗಳು ಮಾತ್ರ. ಒಬ್ಬ ಆಚಾರ್ಯನೂ ನಾಲ್ಕಾರು ಶಿಷ್ಯರೂ ಒಂದು ಕೊಠಡಿಯಲ್ಲಿ ಕುಳಿತು ಸಾಧಿಸಬಹುದಾದ ಕೆಲಸವದು. ಆದರೆ ಮನುಷ್ಯನ ೩೦೦ ಕೋಟಿ ಅಕ್ಷರಗಳನ್ನು ಓದಲು ಹೊರಟಾಗ ಕೊಠಡಿಯು ಸಾಲದಾಯಿತು. ೧೯೯೦ರಲ್ಲಿ ಆರಂಭವಾದ ಮಾನವ ಜೀನೋಮ್ ಯೋಜನೆಯಲ್ಲಿ ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಜಪಾನ್, ಚೀನಾ ಎಂಬ ಆರು ದೇಶಗಳ ೨೦ ಕೇಂದ್ರಗಳು ಕೈಗೂಡಿಸಿದುವು. ಆ ಕೆಲಸವು ೨೦೦೩ರ ಏಪ್ರಿಲಿನಲ್ಲಿ ಮುಗಿಯಿತೆಂದು ಸಾರಲಾಯಿತು. ಆಗಲೂ ಓದಲಾರದೆ ಉಳಿದಿದ್ದ ಸುಮಾರು ನೂರಕ್ಕೆ ಎಂಟು ಭಾಗವನ್ನು ಬೇರೊಂದು ತಂಡವು ೨೦೨೨ರಲ್ಲಿ ಪೂರೈಸಿತು.

ಈ ಯೋಜನೆಯಲ್ಲಿ ಯಂತ್ರಗಳಿಗಿಂತ ಹೆಚ್ಚು ಸ್ಮರಣೀಯವಾದುದು ಒಂದು ನಿಯಮ. ೧೯೯೬ರಲ್ಲಿ ಬರ್ಮುಡಾ ದ್ವೀಪದಲ್ಲಿ ಸೇರಿದ ಸಂಶೋಧಕರು, ಓದಿದ ಲಿಪಿಭಾಗವನ್ನು ೨೪ ಗಂಟೆಗಳೊಳಗೆ ಲೋಕದ ಸಮಸ್ತರಿಗೂ ದೊರೆಯುವಂತೆ ಪ್ರಕಟಿಸತಕ್ಕದ್ದೆಂದು ಒಡಂಬಟ್ಟರು. ತಾನು ಕಂಡುದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಹಕ್ಕನ್ನು ಅವರು ತಾವಾಗಿ ಬಿಟ್ಟುಕೊಟ್ಟರು. ಭಾರತವು ಆ ೨೦ ಕೇಂದ್ರಗಳಲ್ಲಿ ಇರಲಿಲ್ಲ. ಆದರೂ ಆ ಮಾದರಿಯ ಪ್ರತಿಯನ್ನು ಭಾರತದ ಸಂಶೋಧಕನು ಕಾಸು ಕೊಡದೆ ಬಳಸಬಲ್ಲನು. ಅಂದು ಅದು ಯಾರೋ ಒಬ್ಬರ ಸೊತ್ತಾಗಿದ್ದರೆ ಇಂದು ನಮ್ಮ ವೈದ್ಯನು ಅವರ ಬಾಗಿಲಿನಲ್ಲಿ ನಿಲ್ಲಬೇಕಾಗುತ್ತಿತ್ತು.

ಅನಂತರದ ಕಾಲದಲ್ಲಿ ಓದುವ ವೇಗವು ಬೆಳೆಯಿತು. ಕೇಂಬ್ರಿಡ್ಜಿನಲ್ಲಿ ಡೇವಿಡ್ ಕ್ಲೆನರ್‌ಮನ್ ಎಂಬವನೂ, ಮದರಾಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಶಂಕರ ಬಾಲಸುಬ್ರಹ್ಮಣ್ಯನ್ ಎಂಬವರೂ ಕೂಡಿ, ಲಕ್ಷಾಂತರ ತುಣುಕುಗಳನ್ನು ಏಕಕಾಲದಲ್ಲಿ ಓದುವ ರೀತಿಯನ್ನು ಕಂಡುಹಿಡಿದರು. ಅಮೆರಿಕದ ರಾಷ್ಟ್ರೀಯ ಮಾನವ ಜೀನೋಮ್ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, ಒಬ್ಬ ಮನುಷ್ಯನ ಲಿಪಿಯನ್ನೋದುವ ವೆಚ್ಚವು ೨೦೦೧ರಲ್ಲಿ ಸುಮಾರು ೯.೫ ಕೋಟಿ ಡಾಲರುಗಳಿದ್ದುದು ೨೦೧೫ರ ಕೊನೆಗೆ ೧,೫೦೦ ಡಾಲರುಗಳಿಗಿಂತಲೂ ಕಡಿಮೆಯಾಯಿತು. ಆದರೆ ಈ ಅಗ್ಗದ ಬೆಲೆಯು ಒಂದು ನಿಬಂಧನೆಗೆ ಒಳಪಟ್ಟಿದೆ: ಯಂತ್ರವು ತುಂಬಿ ಓಡಬೇಕು. ಅರೆಹೊಟ್ಟೆಯಲ್ಲಿ ಓಡುವ ಯಂತ್ರದಲ್ಲಿ ಒಂದೊಂದು ಅಕ್ಷರವೂ ದುಬಾರಿಯಾಗುತ್ತದೆ.

ಇನ್ನು ಪ್ರಯೋಗಶಾಲೆಯೊಳಗಿನ ಕ್ರಮವನ್ನು ನೋಡೋಣ. ಯಾವುದೋ ಒಂದು ಆಸ್ಪತ್ರೆಯಲ್ಲಿ ವೈದ್ಯನು ರೋಗಿಗೆ ವಿಷಯವನ್ನು ತಿಳಿಯಹೇಳಿ, ಆತನ ಒಪ್ಪಿಗೆಯನ್ನು ಪಡೆದು, ಸ್ವಲ್ಪ ರಕ್ತವನ್ನು ತೆಗೆಯುತ್ತಾನೆ. ಸೀಸೆಯ ಮೇಲೆ ರೋಗಿಯ ಹೆಸರನ್ನು ಬರೆಯದೆ ಒಂದು ಸಂಕೇತವನ್ನು ಬರೆಯಬೇಕು. ಅದು ಶೀತದಲ್ಲಿ ಪ್ರಯಾಣ ಮಾಡಿ ಸಮಷ್ಟಿ ಪ್ರಯೋಗಶಾಲೆಗೆ ಬಂದು ಸೇರಿದ ಮೇಲೆ ಮೊದಲು ನಡೆಯತಕ್ಕದ್ದು ಪರೀಕ್ಷೆ. ದಾರಿಯಲ್ಲಿ ಬಿಸಿಲಿಗೆ ಕೆಟ್ಟಿದೆಯೆ, ಅದರಲ್ಲಿ ಡಿ.ಎನ್.ಎ. ಸಾಕಷ್ಟು ಉಳಿದಿದೆಯೆ, ತುಂಡುತುಂಡಾಗಿದೆಯೆ ಎಂದು ಅಳೆದು ನೋಡಿ, ಸಾಲದೆ ಹೋದರೆ ಹಿಂದಕ್ಕೆ ಕಳುಹಿಸಬೇಕು. ಇಲ್ಲಿ ದಾಕ್ಷಿಣ್ಯಕ್ಕೆ ಒಳಗಾಗಿ ಒಪ್ಪಿಕೊಂಡರೆ ಮುಂದೆ ಹಣವೂ ಹೋಯಿತು, ರೋಗಿಯ ರಕ್ತವೂ ವ್ಯರ್ಥವಾಯಿತು.

ಒಪ್ಪಿದ ಮಾದರಿಯಿಂದ ಲಿಪಿಯನ್ನು ಬೇರ್ಪಡಿಸಿ, ಕೆಲವು ನೂರು ಅಕ್ಷರಗಳಷ್ಟು ಉದ್ದದ ತುಣುಕುಗಳಾಗಿ ಕತ್ತರಿಸುತ್ತಾರೆ. ಒಂದೊಂದು ತುಣುಕಿನ ತುದಿಗಳಿಗೂ ಗುರುತಿನ ಅಕ್ಷರಗಳ ಚಿಕ್ಕದೊಂದು ಸರವನ್ನು ಜೋಡಿಸುತ್ತಾರೆ. ಸಮಷ್ಟಿಯ ಮರ್ಮವಿರುವುದು ಈ ಗುರುತಿನಲ್ಲಿಯೇ. ಊರಿನ ಕುರಿಗಳೆಲ್ಲವೂ ಒಂದೇ ಮಂದೆಯಾಗಿ ಮೇಯಲು ಹೋದರೂ ಕಿವಿಯ ಗುರುತಿನಿಂದ ಅವರವರ ಕುರಿಯನ್ನು ಅವರವರು ಸಂಜೆ ಬಿಡಿಸಿಕೊಳ್ಳುವ ಹಾಗೆ, ಹತ್ತಾರು ಆಸ್ಪತ್ರೆಗಳ ಮಾದರಿಗಳು ಒಂದೇ ಗಾಜಿನ ಹಲಗೆಯ ಮೇಲೆ ಒಟ್ಟಿಗೆ ಓದಲ್ಪಟ್ಟು, ಬಳಿಕ ಗಣಕಯಂತ್ರದಲ್ಲಿ ಬೇರೆಬೇರೆಯಾಗುತ್ತವೆ. ಎಲ್ಲಿಯಾದರೂ ಒಂದರ ಗುರುತು ಇನ್ನೊಂದಕ್ಕೆ ಅಂಟಿಕೊಂಡರೆ ಒಬ್ಬ ರೋಗಿಯ ದೋಷವು ಮತ್ತೊಬ್ಬನ ಪಾಲಿಗೆ ಬರೆಯಲ್ಪಡುವ ಅಪಾಯವುಂಟು. ಇದು ಬರಿಯ ಊಹೆಯಲ್ಲ, ತಜ್ಞರು ಕಂಡು ಅಳೆದಿರುವ ದೋಷ. ಆದಕಾರಣ ಎರಡು ತುದಿಗಳಿಗೂ ಬೇರೆಬೇರೆ ಗುರುತನ್ನಿಟ್ಟು, ಜೋಡಿಯು ಹೊಂದದ ತುಣುಕನ್ನು ಎಸೆದುಬಿಡುವ ಪದ್ಧತಿಯು ಬಂದಿದೆ.

ಹಲಗೆಯ ಮೇಲೆ ಅಂಟಿದ ತುಣುಕುಗಳಿಗೆ ಬಣ್ಣಬಣ್ಣದ ಬೆಳಕನ್ನು ಸೂಸುವ ಅಕ್ಷರಗಳನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿಸಲವೂ ಚಿತ್ರವನ್ನು ತೆಗೆದು, ಯಂತ್ರವು ಅಕ್ಷರವನ್ನು ಗುರುತಿಸುತ್ತದೆ. ಹೀಗೆ ಓದಿದ ಒಂದೊಂದು ತುಣುಕು ಸಾಧಾರಣವಾಗಿ ೧೫೦ ಅಕ್ಷರಗಳಷ್ಟಿರುತ್ತದೆ. ಒಂದೇ ಸಲ ಓದಿದರೆ ನಂಬಲಾಗದೆಂದು ಸಮಗ್ರ ಲಿಪಿಯನ್ನು ಸರಾಸರಿ ೩೦ ಆವೃತ್ತಿ ಓದುವುದು ರೂಢಿ. ಒಂದು ಎಡೆಯಲ್ಲಿ ಮೂವತ್ತು ಓದುಗಳಲ್ಲಿ ಹದಿನೈದು ಎ ಎಂದೂ ಹದಿನೈದು ಜಿ ಎಂದೂ ಬಂದರೆ, ತಾಯಿಯ ಪ್ರತಿಯಲ್ಲೊಂದು ತಂದೆಯ ಪ್ರತಿಯಲ್ಲೊಂದು ಪಾಠವಿದೆಯೆಂದು ತಿಳಿಯಬೇಕು. ಮೂವತ್ತರಲ್ಲಿ ಒಂದೇ ಬೇರೆಯಾಗಿದ್ದರೆ ಅದು ಬಹುಶಃ ಯಂತ್ರದ ಕೈತಪ್ಪು. ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿಶ್ಚಯಿಸುವ ಪಂಡಿತನ ನ್ಯಾಯವೇ ಇಲ್ಲಿಯೂ ನಡೆಯುತ್ತದೆ. ಒಬ್ಬ ಮನುಷ್ಯನನ್ನು ಹೀಗೆ ಓದಿದಾಗ ಸುಮಾರು ನೂರು ಗಿಗಾಬೈಟಿನಷ್ಟು ಮಾಹಿತಿಯು ಬಂದು ಬೀಳುತ್ತದೆ. ಅದನ್ನು ಇಡುವುದಕ್ಕೂ ಅರ್ಥಮಾಡುವುದಕ್ಕೂ ಗಣಕಶಾಸ್ತ್ರಜ್ಞರ ನೆರವು ಬೇಕು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಯಂತ್ರವು ಇಷ್ಟು ಉಪಯುಕ್ತವಾಗಿದ್ದರೆ ಪ್ರತಿಯೊಂದು ವೈದ್ಯಕೀಯ ಕಾಲೇಜೂ ತನ್ನದನ್ನು ತಾನೇ ಏಕೆ ಕೊಳ್ಳಬಾರದು? ಪರರ ಮನೆಯ ಮುಂದೆ ಸರದಿಯಲ್ಲಿ ನಿಲ್ಲುವುದೇಕೆ? ಇದಕ್ಕೆ ಸಮಾಧಾನ ಹೀಗಿದೆ. ದೊಡ್ಡ ಯಂತ್ರದ ಬೆಲೆಯು ಕೋಟಿಗಟ್ಟಲೆ ರೂಪಾಯಿ. ಕೊಂಡ ಮಾತ್ರಕ್ಕೆ ತೀರದು. ಅದರ ರಾಸಾಯನಿಕಗಳನ್ನು ಶೀತಪೆಟ್ಟಿಗೆಯಲ್ಲಿ ಕಾಪಾಡಬೇಕು, ಅವಧಿ ಮೀರಿದರೆ ಎಸೆಯಬೇಕು. ವರ್ಷಕ್ಕೆ ಇಪ್ಪತ್ತು ಮಾದರಿಗಳಿರುವ ಕಾಲೇಜಿನಲ್ಲಿ ಯಂತ್ರವು ಮುಸುಕು ಹೊದ್ದು ಕುಳಿತುಕೊಳ್ಳುತ್ತದೆ. ಅದನ್ನು ನಡೆಸಲು ಕಲಿತವನು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾನೆ. ಕೆಲವು ವರ್ಷಗಳಲ್ಲಿ ಹೊಸ ಬಗೆಯ ಯಂತ್ರವು ಬಂದು ಹಳೆಯದು ಮೂಲೆ ಸೇರುತ್ತದೆ. ಊರಿಗೊಂದು ಕಣವಿದ್ದರೆ ಎಲ್ಲರ ರಾಶಿಯೂ ಆಗುತ್ತದೆ. ಮನೆಗೊಂದು ಕಣ ಮಾಡಹೊರಟರೆ ಬಿತ್ತಲು ಭೂಮಿಯೇ ಉಳಿಯದು.

ಆದರೂ ಈ ಸಿದ್ಧಾಂತವು ಏಕಾಂತವಾದುದಲ್ಲ. ೧೦೦ ಗ್ರಾಂ ತೂಕದಷ್ಟೇ ಇರುವ, ಅಂಗೈಯಲ್ಲಿ ಹಿಡಿಯಬಹುದಾದ ಓದುವ ಯಂತ್ರಗಳೂ ಈಗ ಉಂಟು. ೨೦೧೫ರಲ್ಲಿ ಆಫ್ರಿಕದ ಗಿನಿ ದೇಶದಲ್ಲಿ ಎಬೋಲಾ ಸಾಂಕ್ರಾಮಿಕವಾಗಿದ್ದಾಗ ಸಂಶೋಧಕರು ಅಂತಹ ಯಂತ್ರವನ್ನು ಪ್ರಯಾಣದ ಪೆಟ್ಟಿಗೆಯಲ್ಲಿಯೇ ಒಯ್ದು ಸ್ಥಳದಲ್ಲಿ ವೈರಸ್ಸಿನ ಲಿಪಿಯನ್ನು ಓದಿದರು. ಅವಸರದ ಚಿಕ್ಕ ಕೆಲಸಕ್ಕೆ ಚಿಕ್ಕ ಯಂತ್ರವು ಕೈಯಲ್ಲಿರಲಿ. ಸಾವಿರಾರು ಮನುಷ್ಯರ ಸಮಗ್ರ ಲಿಪಿಯನ್ನು ಓದುವುದಕ್ಕೆ ಸಮಷ್ಟಿಯ ಶಾಲೆಯಿರಲಿ.

ಕನ್ನಡನಾಡಿನಲ್ಲಿಯೇ ಇಂತಹ ಶಾಲೆಯಿರುವುದು ಸಂತೋಷದ ಸಂಗತಿ. ೨೦೦೯ರಲ್ಲಿ ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ, ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದೊಳಗಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ನೆರೆಯಲ್ಲಿ ಸಿ-ಕ್ಯಾಂಪ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಬೆಲೆಬಾಳುವ ಯಂತ್ರಗಳನ್ನೂ ಅವುಗಳನ್ನು ಬಲ್ಲ ತಜ್ಞರನ್ನೂ ಒಂದೆಡೆ ಕೂಡಿಸಿ, ಸಂಸ್ಥೆಯ ಹೊರಗಿನ ಸಂಶೋಧಕರಿಗೂ ಶುಲ್ಕದ ಮೇಲೆ ಸೇವೆಯನ್ನು ಒದಗಿಸುವುದು ಅದರ ಉದ್ದೇಶಗಳಲ್ಲೊಂದು. ಡಿ.ಎನ್.ಎ. ಲಿಪಿಯನ್ನೋದುವುದೂ ಆ ಸೇವೆಗಳಲ್ಲಿ ಸೇರಿದೆ.

ಎರಡನೆಯ ಪೂರ್ವಪಕ್ಷವು ಮೊದಲನೆಯದಕ್ಕಿಂತ ಬಲವಾದುದು. ಎಲ್ಲರದು ಎಂಬುದು ಕೊನೆಗೆ ಬಲ್ಲಿದರದಾಗುವುದು ಲೋಕದ ವಾಡಿಕೆ; ಊರ ಕೆರೆಯ ನೀರು ತೂಬಿನ ಹತ್ತಿರದ ಗದ್ದೆಗೇ ಮೊದಲು ಹರಿಯುವುದು. ಹಾಗೆಯೇ ರಾಜಧಾನಿಯ ಹೆಸರಾಂತ ಸಂಶೋಧಕನ ಮಾದರಿಗಳು ಮುಂದೆ ಹೋಗಿ, ಕಲಬುರಗಿಯ ಅಥವಾ ರಾಯಚೂರಿನ ತರುಣ ವೈದ್ಯನ ಐದು ಸೀಸೆಗಳು ಹಿಂದೆ ಉಳಿಯವೆ? ಈ ಆಕ್ಷೇಪವನ್ನು ನಗೆಯಾಡಿ ತಳ್ಳಲಾಗದು. ನೀರುಗಂಟಿಯ ನಿಷ್ಪಕ್ಷಪಾತದಲ್ಲಿಯೇ ಕೆರೆಯ ಧರ್ಮವಿದೆ. ಶುಲ್ಕವು ಬಹಿರಂಗವಾಗಿರಬೇಕು, ಸರದಿಯು ಬಂದ ಕ್ರಮದಲ್ಲಿ ನಡೆಯಬೇಕು, ಲಾಭಕ್ಕಾಗಿ ಬರುವ ಕಂಪನಿಗೂ ಸರ್ಕಾರಿ ಆಸ್ಪತ್ರೆಗೂ ಒಂದೇ ದರವಿರಬಾರದು, ಚಿಕ್ಕ ಊರಿನವನು ಮಾದರಿಯನ್ನು ಕಳುಹಿಸುವ ಮೊದಲೇ ಎಷ್ಟು ಜನರನ್ನು ಓದಬೇಕು, ಯಾವ ಭಾಗವನ್ನು ಓದಿದರೆ ಸಾಕು ಎಂಬ ಸಲಹೆಯು ಅವನಿಗೆ ದೊರೆಯಬೇಕು. ಐದು ಸೀಸೆಗಳ ವೈದ್ಯನನ್ನು ಹೇಗೆ ನಡೆಸಿಕೊಳ್ಳುತ್ತದೆಂಬುದೇ ಸಮಷ್ಟಿ ಪ್ರಯೋಗಶಾಲೆಗೆ ತಕ್ಕ ಒರೆಗಲ್ಲು.

ಏಕೆಂದರೆ ಆ ಐದು ಸೀಸೆಗಳ ಹಿಂದೆ ಒಂದು ಇಡಿಯ ಮನೆತನದ ದುಃಖವಿರಬಹುದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರನ್ನು ಹೊತ್ತ ವ್ಯಾಧಿಯನ್ನು ಈ ಸಭೆಯಲ್ಲಿ ಅನೇಕರು ಕೇಳಿರಬಹುದು. ೧೯೭೦ರ ದಶಕದ ಮಧ್ಯದಲ್ಲಿ ಅದು ವೈದ್ಯರ ಗಮನಕ್ಕೆ ಬಂದಿತು. ಸೊಂಟದ ಮತ್ತು ಮಂಡಿಯ ಕೀಲುಗಳು ಸವೆದು, ದುಡಿದು ಉಣ್ಣಬೇಕಾದವರು ನಡೆಯಲಾರದವರಾಗುತ್ತಿದ್ದರು. ಕೆಲವರು ಕುಳ್ಳರಾಗಿಯೇ ಉಳಿಯುತ್ತಿದ್ದರು. ಗದ್ದೆಗೆ ಸಿಂಪಡಿಸಿದ ಕೀಟನಾಶಕವು ಸೇರಿದ ಏಡಿ ಮೀನುಗಳನ್ನು ಬಡವರು ತಿಂದುದೇ ಕಾರಣವೆಂಬ ಶಂಕೆಯು ಆಗ ಎದ್ದಿತು. ಮುಂದೆ ಮನೆತನಗಳ ವಂಶವೃಕ್ಷವನ್ನು ಬರೆದು ನೋಡಿದಾಗ ಅದು ತಾಯಿತಂದೆಗಳಿಂದ ಮಕ್ಕಳಿಗೆ ಬರುವ ರೋಗವೆಂದು ವಿದಿತವಾಯಿತು. ಇಬ್ಬರಲ್ಲೊಬ್ಬರಿಂದ ಬಂದರೂ ಸಾಕು, ಅದು ಪ್ರಕಟವಾಗುತ್ತದೆ. ಇಂತಹ ವ್ಯಾಧಿಯ ಮೂಲಾಕ್ಷರವನ್ನು ಹುಡುಕಬೇಕಾದರೆ ಆ ಮನೆಗಳ ರೋಗಿಗಳನ್ನೂ ಆರೋಗ್ಯವಂತರನ್ನೂ ಒಟ್ಟಿಗೆ ಓದಬೇಕು. ಮಲೆನಾಡಿನ ಒಂದು ಆಸ್ಪತ್ರೆಯಿಂದ ಅದು ಆಗತಕ್ಕ ಕೆಲಸವಲ್ಲ. ರೋಗವು ಶಾಪವೂ ಅಲ್ಲ, ಉಂಡ ಅನ್ನದ ತಪ್ಪೂ ಅಲ್ಲ ಎಂಬ ಒಂದು ತಿಳಿವಳಿಕೆಯೇ ಅಂತಹ ತಾಯಿಗೆ ಎಷ್ಟು ದೊಡ್ಡ ಸಮಾಧಾನವೆಂಬುದನ್ನು ಬಲ್ಲವರು ಬಲ್ಲರು.

ಸಾಂಕ್ರಾಮಿಕದ ಕಾಲದಲ್ಲಿಯೂ ಇದರ ಪ್ರಯೋಜನವು ಕಂಡುಬಂದಿತು. ಕೋವಿಡ್ ರೋಗದ ವೈರಸ್ಸು ರೂಪ ಬದಲಿಸುವುದನ್ನು ಕಾಯಲು ೨೦೨೦ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ಇನ್ಸಾಕಾಗ್ ಎಂಬ ಒಕ್ಕೂಟವನ್ನು ರಚಿಸಿತು. ಮೊದಲಿಗೆ ಅದರಲ್ಲಿದ್ದ ಹತ್ತು ಪ್ರಯೋಗಶಾಲೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಹ ಒಂದು. ಭಾರತದಲ್ಲಿ ಮೊದಲು ಕಂಡ ಒಂದು ರೂಪಕ್ಕೆ ೨೦೨೧ರ ಮೇ ೩೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಡೆಲ್ಟಾ ಎಂದು ಹೆಸರಿಟ್ಟಿತು. ಬೇರೆಬೇರೆ ರಾಜ್ಯಗಳ ಓದುಗಳನ್ನು ಒಂದೆಡೆ ಇಟ್ಟು ನೋಡದೆ ಅಂತಹ ರೂಪವು ಎಲ್ಲೆಲ್ಲಿ ಹರಡಿತೆಂದು ತಿಳಿಯುವುದು ಅಸಾಧ್ಯ.

ಆದರೆ ಓದುವುದು ಬೇರೆ, ಅರ್ಥವಾಗುವುದು ಬೇರೆ. ಯಂತ್ರವು ಅಕ್ಷರವನ್ನು ಕೊಡುತ್ತದೆ. ಅದು ರೋಗಕಾರಣವೆ ಅಲ್ಲವೆ ಎಂದು ಹೇಳಲಾರದು. ಹೋಲಿಸಿ ನೋಡಲು ನಿಘಂಟು ಬೇಕು. ಈ ನಿಘಂಟುಗಳಲ್ಲಿ ಯುರೋಪಿನ ಮೂಲದವರ ಲಿಪಿಯೇ ಬಹುಭಾಗವಿರುವುದರಿಂದ, ಭಾರತೀಯರ ಅನೇಕ ಪಾಠಗಳು ಅಲ್ಲಿ ಸಿಗುವುದೇ ಇಲ್ಲ. ಹೃದಯದ ಸ್ನಾಯುವಿಗೆ ಸಂಬಂಧಪಟ್ಟ ಒಂದು ವಂಶವಾಹಿಯಲ್ಲಿ ೨೫ ಅಕ್ಷರಗಳು ಬಿಟ್ಟುಹೋಗಿರುವ ಪಾಠವು ಭಾರತದಲ್ಲಿಯೂ ನೆರೆಯ ದೇಶಗಳಲ್ಲಿಯೂ ಸುಮಾರು ನೂರಕ್ಕೆ ನಾಲ್ವರಲ್ಲಿ ಇದೆಯೆಂದೂ, ಅದು ಹೃದಯದೌರ್ಬಲ್ಯಕ್ಕೆ ದಾರಿ ಮಾಡಬಲ್ಲುದೆಂದೂ ೨೦೦೯ರಲ್ಲಿ ಪ್ರಕಟವಾಯಿತು. ದಕ್ಷಿಣದ ವೈಶ್ಯ ಸಮುದಾಯದ ಕೆಲವರಲ್ಲಿ ರಕ್ತದ ಒಂದು ಕಿಣ್ವವು ಕೊರೆಯಾಗಿದ್ದು, ಶಸ್ತ್ರಚಿಕಿತ್ಸೆಯಲ್ಲಿ ಕೊಡುವ ಒಂದು ಸ್ನಾಯುಶೈಥಿಲ್ಯದ ಔಷಧದ ಪರಿಣಾಮವು ನಿಮಿಷಗಳಿಗೆ ಬದಲಾಗಿ ಗಂಟೆಗಳವರೆಗೆ ನಿಂತು, ಉಸಿರಾಟವು ಸ್ಥಗಿತವಾಗುವುದುಂಟು. ಮೊದಲೇ ತಿಳಿದ ವೈದ್ಯನು ಬೇರೆ ಔಷಧವನ್ನು ಕೊಡುತ್ತಾನೆ, ಜೀವವುಳಿಯುತ್ತದೆ. ಇದರಲ್ಲಿ ಯಾವ ಸಮುದಾಯಕ್ಕೂ ಕುಂದಿಲ್ಲ. ತಮ್ಮೊಳಗೇ ಮದುವೆಯಾಗುತ್ತ ಬಂದ ಎಲ್ಲ ಗುಂಪುಗಳಲ್ಲಿಯೂ ಇಂತಹ ಒಂದಲ್ಲ ಒಂದು ಪಾಠವು ಗಟ್ಟಿಯಾಗಿ ನಿಂತಿರುತ್ತದೆ. ಓದಿದವರದು ತಿಳಿದಿದೆ, ಓದದವರದು ತಿಳಿದಿಲ್ಲ, ಅಷ್ಟೇ ಭೇದ.

ಈ ಕೊರತೆಯನ್ನು ತುಂಬಲು ೨೦೨೦ರ ಜನವರಿಯಲ್ಲಿ ಜೀನೋಮ್ ಇಂಡಿಯಾ ಯೋಜನೆಯು ಆರಂಭವಾಯಿತು. ೨೦ ಸಂಸ್ಥೆಗಳು ಕೂಡಿದ ಈ ಕೆಲಸದ ಸಂಯೋಜನೆಯನ್ನು ವಹಿಸಿದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ. ೮೦ಕ್ಕೂ ಹೆಚ್ಚು ಜನಸಮುದಾಯಗಳ ೧೦,೦೦೦ ಮಂದಿಯ ಲಿಪಿಯು ಓದಲ್ಪಟ್ಟು, ೨೦೨೫ರ ಜನವರಿ ೯ರಂದು ಆ ಭಂಡಾರವು ಸಂಶೋಧಕರಿಗೆ ತೆರೆಯಲ್ಪಟ್ಟಿತು. ಅದನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿರಿಸಿದ್ದಾರೆ. ಬೇಕಾದವರು ಅರ್ಜಿ ಹಾಕಿ, ನಿಯಮಕ್ಕೆ ಒಡಂಬಟ್ಟು ಬಳಸಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚಿನ ಎಚ್ಚರವು ಬೇಕಾದುದು ನಂಬಿಕೆಯ ವಿಷಯದಲ್ಲಿ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಮರಿಯಲ್ಲಿ ಹಾವಸುಪಾಯಿ ಎಂಬ ಆದಿವಾಸಿ ಜನರಿದ್ದಾರೆ. ಅವರಲ್ಲಿ ಸಿಹಿಮೂತ್ರದ ರೋಗವು ಬಹಳವಾಗಿ, ೧೯೯೦ರಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬಂದು ರಕ್ತವನ್ನು ಪಡೆದರು. ಮಕ್ಕಳು ಮೊಮ್ಮಕ್ಕಳಿಗೆ ಒಳಿತಾಗಲೆಂದು ಅವರು ಕೈ ಚಾಚಿ ಕೊಟ್ಟರು. ಬಳಿಕ ಆ ರಕ್ತವನ್ನು ಮಾನಸಿಕ ವ್ಯಾಧಿ, ಸಂಬಂಧದೊಳಗಿನ ಮದುವೆ, ಜನಾಂಗದ ವಲಸೆ ಮೊದಲಾದ ಬೇರೆ ವಿಚಾರಗಳಿಗೂ ಬಳಸಿದರೆಂದು ತಿಳಿದಾಗ ಅವರು ನ್ಯಾಯಾಲಯಕ್ಕೆ ಹೋದರು. ೨೦೧೦ರಲ್ಲಿ ರಾಜಿಯಾಗಿ, ಪರಿಹಾರವೂ ಉಳಿದ ರಕ್ತದ ಮಾದರಿಗಳೂ ಅವರಿಗೆ ಹಿಂದಿರುಗಿದುವು. ಹಣದಿಂದ ತೀರದಿದ್ದುದು ಮುರಿದ ನಂಬಿಕೆ. ಸೀಸೆಯು ಅನೇಕರ ಕೈ ದಾಟುವ ಸಮಷ್ಟಿ ಪ್ರಯೋಗಶಾಲೆಯಲ್ಲಿ ಇಂತಹ ತಪ್ಪಿಗೆ ಅವಕಾಶವು ಹೆಚ್ಚು. ರೋಗಿಯು ಒಪ್ಪಿದುದು ಯಾವುದಕ್ಕೆ ಎಂಬ ಪತ್ರವು ಸೀಸೆಯೊಡನೆಯೇ ಸಾಗಬೇಕು. ಅದರ ಎಲ್ಲೆಯನ್ನು ಸಂಶೋಧಕನಾಗಲಿ ಪ್ರಯೋಗಶಾಲೆಯಾಗಲಿ ಮೀರಕೂಡದು. ಒಬ್ಬನ ಲಿಪಿಯಲ್ಲಿ ಅವನ ಅಣ್ಣತಮ್ಮಂದಿರ, ಹುಟ್ಟಲಿರುವ ಮಕ್ಕಳ ಗುಟ್ಟೂ ಅಡಗಿರುವುದರಿಂದ, ಈ ಗೋಪ್ಯವು ಒಂದು ಮನೆಯ ಗೋಪ್ಯವೇ ಸರಿ.

ಸಭಿಕರೇ, ಹಿಂದೆ ಓಲೆಯ ಪ್ರತಿಯನ್ನು ಎರವು ತಂದ ಪಂಡಿತನು ಅದನ್ನು ಜೋಪಾನವಾಗಿ ಕಟ್ಟಿ, ಒಡೆಯನ ಮನೆಗೆ ಮುಟ್ಟಿಸಿ, ತಾನು ತಿದ್ದಿದ ಶುದ್ಧಪಾಠದ ಒಂದು ಪ್ರತಿಯನ್ನೂ ಕೊಟ್ಟು ಬರುವುದು ಸಜ್ಜನಿಕೆಯಾಗಿತ್ತು. ಬರೆದು ಮುಗಿಸಿದ ಲಿಪಿಕಾರನು ತನ್ನ ತಪ್ಪುಗಳಿದ್ದರೆ ತಿದ್ದಿ ಓದಬೇಕೆಂದು ಕಡೆಯ ಗರಿಯಲ್ಲಿ ಬೇಡಿಕೊಳ್ಳುತ್ತಿದ್ದನು. ಆ ಎರಡು ಧರ್ಮಗಳೂ ಈ ಹೊಸ ಶಾಲೆಗಳಿಗೆ ಸಲ್ಲತಕ್ಕವು. ತಮ್ಮ ಓದಿನಲ್ಲಿ ಇಷ್ಟು ಸಂಶಯವುಳಿದಿದೆಯೆಂದು ಅವು ಬಿಚ್ಚಿ ಹೇಳಲಿ; ರಕ್ತವನ್ನು ಕೊಟ್ಟವರ ಮನೆಬಾಗಿಲಿಗೆ ಅದರ ಫಲವನ್ನು, ಅವರ ನುಡಿಯಲ್ಲಿಯೇ, ಹಿಂದಿರುಗಿಸಲಿ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅಂತಹ ಶಾಲೆಗಳ ವಾಚಕರಾಗಿ, ನೀರುಗಂಟಿಯ ನಿಷ್ಪಕ್ಷಪಾತದಿಂದ ದುಡಿಯುವಂತಾಗಲಿ. ಎಲ್ಲರಿಗೂ ಆಯುರಾರೋಗ್ಯಗಳು ಉಂಟಾಗಲಿ.

ಶುಭಂ ಭೂಯಾತ್.